ಕೇಶರಜ್ಜುವೂ ಲೋಹವೂ: ‘ಬಿಹೋಲ್ಡ್’ ಎಂಬ ಕೃತಿಯ ರಸವಿಚಾರ

ಸ್ಥಾನದಿಂದ ಜಾರಿದ ಕೂದಲು ಶೋಭೆಯನ್ನು ಕಳೆದುಕೊಳ್ಳುವುದೆಂಬುದು ಸುಭಾಷಿತಕಾರರ ಕಾಲದಿಂದಲೂ ಲೋಕದಲ್ಲಿ ನಡೆದುಬಂದಿರುವ ಮಾತು. ತಲೆಯ ಮೇಲಿರುವಾಗ ಕೇಶಪಾಶವೆನ್ನಿಸಿಕೊಂಡು ಶೃಂಗಾರಕ್ಕೆ ಉದ್ದೀಪನವಾಗುವ ವಸ್ತುವೇ ಅನ್ನದಲ್ಲಿ ಕಾಣಿಸಿಕೊಂಡರೆ ಜುಗುಪ್ಸೆಗೆ ಕಾರಣವಾಗುತ್ತದೆ. ಕೂದಲು ಬಿದ್ದ ಅನ್ನವನ್ನು ಉಣ್ಣಲಾಗದೆಂದೂ, ಕೂದಲು, ಬೂದಿ, ಮೂಳೆ ಮೊದಲಾದುವುಗಳ ಮೇಲೆ ನಿಲ್ಲಲಾಗದೆಂದೂ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ವಿಧಿಸಿದೆ. ವಸ್ತು ಒಂದೇ; ಅದು ಇರುವ ಎಡೆ ಬದಲಾದುದರಿಂದ ಭಾವವು ತಲೆಕೆಳಗಾಗುತ್ತದೆ. ಇಂತಹ ವಸ್ತುವನ್ನೇ ಸುಮಾರು ನಾಲ್ಕು ಸಾವಿರ ಮೀಟರುಗಳಷ್ಟು ಹುರಿಯಾಗಿ ಹೊಸೆಯಿಸಿ, ಅದರೊಡನೆ ಮೋಟಾರುವಾಹನಗಳ ಇಪ್ಪತ್ತರಷ್ಟು ಉಕ್ಕಿನ ಬಂಪರುಗಳನ್ನು ಕೂಡಿಸಿ, ಗೋಡೆಯ ಮೇಲೂ ನೆಲದ ಮೇಲೂ ಹರಡಿ ನಿರ್ಮಿಸಿದ ಕೃತಿಯೊಂದುಂಟು. ಅದರ ಹೆಸರು ‘ಬಿಹೋಲ್ಡ್’, ಕರ್ತೃ ಕನ್ನಡನಾಡಿನ ಕಲಾವಿದೆ ಶೀಲಾ ಗೌಡ, ಕಾಲ 2009. ಆ ವರ್ಷ ಇಟಲಿಯ ವೆನಿಸ್ ನಗರದ ಅಂತರರಾಷ್ಟ್ರೀಯ ಕಲಾಮೇಳದಲ್ಲಿ ಪ್ರದರ್ಶಿತವಾದ ಈ ಕೃತಿಯು ಈಗ ಲಂಡನ್ನಿನ ಟೇಟ್ ಸಂಗ್ರಹಾಲಯಕ್ಕೆ ಸೇರಿದೆ. ಇದನ್ನು ಕಂಡವರು ಸಾಮಾನ್ಯವಾಗಿ ಇದರ ಮೌನವನ್ನೂ ಗಾಂಭೀರ್ಯವನ್ನೂ ಕೊಂಡಾಡಿ ಶಾಂತವೆಂಬ ಒಂದು ಮಾತಿನಲ್ಲಿ ವಿಚಾರವನ್ನು ಮುಗಿಸುವುದುಂಟು. ಆ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಶಾಸ್ತ್ರದೃಷ್ಟಿಯಿಂದಲೂ, ಕೃತಿಯ ಸಾಮಗ್ರಿಯು ಇಂದಿಗೂ ಜೀವಂತವಾಗಿರುವ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಲೋಕವ್ಯವಹಾರದಿಂದಲೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕರ್ತೃವಿನ ವಿಚಾರವಾಗಿ ಇಲ್ಲಿ ಬೇಕಾಗುವಷ್ಟನ್ನು ಮಾತ್ರ ಹೇಳಬಹುದು. ಶೀಲಾ ಗೌಡರು 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದರು. ಉಕ್ಕಿನ ಊರಿನಲ್ಲಿ ಹುಟ್ಟಿದವರ ಕೃತಿಯಲ್ಲಿ ಉಕ್ಕು ಬಂದುದು ಕಾಕತಾಳೀಯವೇ ಇರಬಹುದು. ಆರ್. ಎಂ. ಹಡಪದರು ಬೆಂಗಳೂರಿನಲ್ಲಿ ಸ್ಥಾಪಿಸಿದ ಕೆನ್ ಕಲಾಶಾಲೆಯಲ್ಲಿಯೂ, ಶಾಂತಿನಿಕೇತನದಲ್ಲಿಯೂ ಕಲಿತು, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಗಿಸಿದರು. ಮೊದಲು ತೈಲವರ್ಣದ ಚಿತ್ರಗಳನ್ನು ಬರೆಯುತ್ತಿದ್ದವರು 1992–93ರ ಗಲಭೆಗಳ ಕಾಲದಿಂದ ಈಚೆಗೆ ಕುಂಚವನ್ನು ಬದಿಗಿರಿಸಿ ಸಗಣಿ, ಕುಂಕುಮ, ದಾರ, ಸೂಜಿ ಮೊದಲಾದುವುಗಳಿಂದಲೇ ಕೃತಿಗಳನ್ನು ರಚಿಸತೊಡಗಿದರು. ಸೂಜಿಗಳ ಕಣ್ಣಿನಲ್ಲಿ ಉದ್ದನೆಯ ದಾರಗಳನ್ನು ಹಾಯಿಸಿ, ಅವುಗಳನ್ನು ಕೂಡಿಸಿ, ಕುಂಕುಮವನ್ನೂ ಅಂಟನ್ನೂ ಲೇಪಿಸಿ ಕೆಂಪು ಹಗ್ಗವಾಗಿಸಿದ 1998ರ ಕೃತಿಯು ಪ್ರಸಿದ್ಧವಾದುದು. ‘ಬಿಹೋಲ್ಡ್’ ಆ ಮಾರ್ಗದಲ್ಲಿಯೇ ಮುಂದಿನ ಮಜಲು. ಅಲ್ಲಿ ದಾರವು ಹಗ್ಗವಾಯಿತು. ಇಲ್ಲಿ ದೇಹದ ಅಂಶವೇ ಹಗ್ಗವಾಗಿದೆ.

ನಾನಾ ದ್ರವ್ಯಗಳನ್ನು ಕೂಡಿಸಿ ಕೃತಿಯನ್ನು ರಚಿಸುವುದು ಹೊಸ ಪದ್ಧತಿಯೆಂದು ಭಾವಿಸುವುದು ಸರಿಯಲ್ಲ. ಮೈಸೂರಿನ ಚಿತ್ರಸಂಪ್ರದಾಯದಲ್ಲಿ ಸಫೇದವನ್ನೂ ಮಕ್ಕಿಯೆಂಬ ಹಳದಿಯ ರಾಳವನ್ನೂ ಅಂಟಿನೊಡನೆ ಅರೆದು, ಉಬ್ಬುಕೆಲಸವನ್ನು ಮಾಡಿ, ಅದರ ಮೇಲೆ ಚಿನ್ನದ ರೇಕನ್ನು ಹೊದಿಸುವುದು ವಾಡಿಕೆ. ಆದರೆ ಅಲ್ಲಿ ರೇಕು ರೇಕಾಗಿ ಉಳಿಯುವುದಿಲ್ಲ. ದೇವಿಯ ಕಂಠೀಹಾರವಾಗಿ ಪರಿಣಮಿಸುತ್ತದೆ. ಇಲ್ಲಿಯಾದರೋ ಕೂದಲು ಕೂದಲಾಗಿಯೇ, ಬಂಪರು ಬಂಪರಾಗಿಯೇ ನಿಲ್ಲುತ್ತವೆ. ಯಾವುದೂ ಮತ್ತೊಂದರ ವೇಷವನ್ನು ಧರಿಸುವುದಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಈ ಬಗೆಯ ಕೃತಿಗಳನ್ನು ವಿಮರ್ಶಿಸಹೊರಟವರು ‘ಇದು ಏನನ್ನು ಹೋಲುತ್ತದೆ’ ಎಂಬ ಪ್ರಶ್ನೆಯಲ್ಲಿಯೇ ತೊಳಲುತ್ತಾರೆ.

ಇನ್ನು ಲೋಕವ್ಯವಹಾರ. ಮಂಡ್ಯದಲ್ಲಿ 1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪನಿಯ ಕಾಲದಿಂದ ಈ ಸೀಮೆಯು ಕಬ್ಬಿನ ಸೀಮೆಯೆನ್ನಿಸಿಕೊಂಡಿದೆ. ಕಬ್ಬು ಅರೆಯುವ ಕಾಲದಲ್ಲಿ ಕಬ್ಬನ್ನು ಹೇರಿಕೊಂಡು ಸಾಲುಗಟ್ಟುವ ಲಾರಿಗಳ, ಟ್ರ್ಯಾಕ್ಟರುಗಳ ಮುಂಭಾಗವನ್ನು ನೋಡಿದರೆ ನಿಂಬೆಯ ಹಣ್ಣು, ಮೆಣಸಿನಕಾಯಿ, ಕರಿಯ ಹುರಿ ಇವುಗಳಲ್ಲಿ ಒಂದಲ್ಲ ಒಂದು ಕಣ್ಣಿಗೆ ಬೀಳುತ್ತದೆ. ಆ ಕರಿಯ ಹುರಿಗಳಲ್ಲಿ ಮನುಷ್ಯರ ಕೂದಲಿನಿಂದ ಹೊಸೆದುದೂ ಉಂಟು. ದೃಷ್ಟಿ ತಾಗದಿರಲೆಂದು, ದಾರಿಯಲ್ಲಿ ಕೇಡು ಒದಗದಿರಲೆಂದು ಅದನ್ನು ಬಂಪರಿಗೆ ಕಟ್ಟುತ್ತಾರೆ. ಕಟ್ಟುವವನಿಗೆ ಅದು ಯಾರ ಕೂದಲೆಂಬುದು ತಿಳಿಯದು. ತಿಳಿಯಬೇಕೆಂಬ ಅಪೇಕ್ಷೆಯೂ ಅವನಿಗಿಲ್ಲ. ಸಂತೆಯಲ್ಲಿ ಕೊಂಡ ವಸ್ತು ಅದು.

ಆ ಕೂದಲಿನ ಮೂಲವನ್ನು ವಿಚಾರಿಸಿದರೆ ಬೇರೊಂದು ಲೋಕವು ತೆರೆದುಕೊಳ್ಳುತ್ತದೆ. ಮದ್ದೂರು, ಮಳವಳ್ಳಿಗಳ ಒಕ್ಕಲುಮನೆಗಳಲ್ಲಿ ಮಗುವಿನ ಮೊದಲ ಮುಡಿಯನ್ನು ಮನೆದೇವರಿಗೆ ಒಪ್ಪಿಸದೆ ಅನ್ಯಥಾ ತೆಗೆಯಿಸುವುದು ಸಲ್ಲದೆಂಬ ನಂಬುಗೆ ದೃಢವಾದುದು. ಕಾವೇರಿಯ ತಡಿಯ ಮುತ್ತತ್ತಿರಾಯನಿಗೆ ನಡೆದುಕೊಳ್ಳುವ ಮನೆತನಗಳು ಕೆಲವು. ಮಲೆಯ ಮಾದೇಶ್ವರನ ಬೆಟ್ಟಕ್ಕೆ ಹೋಗುವವು ಕೆಲವು. ತಿರುಪತಿಗೆ ಹರಕೆ ಹೊತ್ತವು ಹಲವು. ರೋಗ ವಾಸಿಯಾದರೆ, ಬೆಳೆ ಕೈಗೆ ಬಂದರೆ, ವ್ಯಾಜ್ಯ ತೀರಿದರೆ ಮುಡಿ ಕೊಡುವೆನೆಂದು ಹರಸಿಕೊಂಡವರು ಹಿರಿಯರಲ್ಲಿಯೂ ಕಡಮೆಯಿಲ್ಲ. ಕೊಟ್ಟ ಮೇಲೆ ಆ ಕೂದಲು ಏನಾಗುವುದೆಂಬುದನ್ನು ಕೊಟ್ಟವರು ಚಿಂತಿಸುವುದಿಲ್ಲ. ಚಿಂತಿಸಿದರೆ ಅದು ದಾನವೇ ಆಗದು. ಆದರೆ ಅದರ ಗತಿಯು ಎರಡು ತೆರನಾಗಿದೆ. ತಿರುಪತಿಯಂತಹ ಕ್ಷೇತ್ರಗಳಲ್ಲಿ ಕೂದಲನ್ನು ದೇವಸ್ಥಾನದವರೇ ಹರಾಜಿಗೆ ಹಾಕುತ್ತಾರೆ. ಉದ್ದನೆಯ ಕೂದಲು ಕೃತಕಕೇಶದ ವ್ಯಾಪಾರಕ್ಕೆ ಸಂದು ಸಮುದ್ರವನ್ನು ದಾಟಿ, ಯಾರದೋ ತಲೆಯ ಮೇಲೆ ಮತ್ತೆ ಅಲಂಕಾರವಾಗಿ ಕುಳಿತುಕೊಳ್ಳುತ್ತದೆ. ಅದಕ್ಕೆ ಒದಗದ ಗಿಡ್ಡ ಕೂದಲಲ್ಲಿ ಒಂದು ಭಾಗವು ಹುರಿಯಾಗಿ, ಬಂಪರಿನಲ್ಲಿ ನೇತಾಡಿ, ಹೆದ್ದಾರಿಯ ಧೂಳನ್ನು ಕುಡಿಯುತ್ತದೆ. ಒಂದೇ ಹರಕೆಯ ಕೂದಲಲ್ಲಿ ಒಂದು ಭಾಗಕ್ಕೆ ಶೃಂಗಾರ, ಒಂದು ಭಾಗಕ್ಕೆ ಕಾವಲು. ಶೀಲಾ ಗೌಡರು ಆರಿಸಿಕೊಂಡುದು ಈ ಎರಡನೆಯ ಭಾಗವನ್ನು.

ಈಗ ರಸವಿಚಾರಕ್ಕೆ ಬರಬಹುದು. ರಸವೆಂಬುದು ಕಾವ್ಯನಾಟಕಗಳಿಗೆ ಮಾತ್ರ ಸಂಬಂಧಿಸಿದುದು, ಕಥೆಯಿಲ್ಲದ, ಪಾತ್ರವಿಲ್ಲದ, ಮಾತಿಲ್ಲದ ವಸ್ತುರಾಶಿಗೆ ಅದನ್ನು ಅನ್ವಯಿಸಲಾಗದು ಎಂಬ ಪೂರ್ವಪಕ್ಷವು ಸಹಜವಾಗಿಯೇ ಏಳುತ್ತದೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಚಿತ್ರಕ್ಕೂ ಒಂಬತ್ತು ರಸಗಳನ್ನು ಹೇಳಿರುವುದರಿಂದ ಈ ಆಕ್ಷೇಪದ ಅರ್ಧಭಾಗವು ಅಲ್ಲಿಯೇ ಬಿದ್ದುಹೋಗುತ್ತದೆ. ಆ ಗ್ರಂಥದಲ್ಲಿಯೇ ಮನೆಗಳಲ್ಲಿ ಶೃಂಗಾರ, ಹಾಸ್ಯ, ಶಾಂತಗಳ ಚಿತ್ರಗಳನ್ನು ಮಾತ್ರ ಬರೆಯಿಸತಕ್ಕುದೆಂದೂ, ಮಿಕ್ಕ ರಸಗಳಿಗೆ ದೇವಾಲಯವೂ ರಾಜಸಭೆಯೂ ತಕ್ಕ ಎಡೆಗಳೆಂದೂ ವಿಭಾಗವನ್ನು ಮಾಡಿದೆ. ‘ಬಿಹೋಲ್ಡ್’ ಯಾರ ಮನೆಯಲ್ಲಿಯೂ ಇರಿಸಬಹುದಾದ ಕೃತಿಯಲ್ಲವೆಂಬುದನ್ನು ಗಮನಿಸಿದರೆ ಆ ವಿಭಾಗದಲ್ಲಿರುವ ಲೋಕಜ್ಞತೆಯು ಮೆಚ್ಚತಕ್ಕದ್ದಾಗಿದೆ. ಉಳಿದ ಅರ್ಧಭಾಗಕ್ಕೆ ಉತ್ತರವೇನೆಂದರೆ: ವಿಭಾವವೆಂಬುದು ಪಾತ್ರವೇ ಆಗಿರಬೇಕೆಂಬ ನಿಯಮವಿಲ್ಲ. ಸ್ಮಶಾನವು ಪಾತ್ರವಲ್ಲ, ಆದರೂ ಅದು ವಿಭಾವ. ತಪೋವನವು ಪಾತ್ರವಲ್ಲ, ಆದರೂ ಅದು ವಿಭಾವ. ಪಾತ್ರವಿಲ್ಲದೆಡೆಯಲ್ಲಿ ಅನುಭಾವವು ಪ್ರೇಕ್ಷಕನ ಶರೀರದಲ್ಲಿಯೇ ಹುಟ್ಟಬೇಕಾಗುತ್ತದೆ. ಕೂದಲ ರಾಶಿಯ ಬಳಿಗೆ ಬಂದವನು ತನಗರಿವಿಲ್ಲದೆಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾನಲ್ಲವೆ, ಆ ಒಂದು ಹೆಜ್ಜೆಯೇ ಇಲ್ಲಿ ಅನುಭಾವ.

ಹಿಂದೆ ಸರಿಯುವ ಹೆಜ್ಜೆಯು ಶಾಂತದ್ದಲ್ಲ, ಬೀಭತ್ಸದ್ದು. ಆದಕಾರಣ ಕೃತಿಯನ್ನು ಒಮ್ಮೆಲೇ ಶಾಂತವೆನ್ನುವವರು ಮೊದಲನೆಯ ಕ್ಷಣವನ್ನು ಮರೆತು ಕೊನೆಯ ಕ್ಷಣವನ್ನು ಮಾತ್ರ ಹೇಳುತ್ತಿದ್ದಾರೆ. ಬಣ್ಣವು ಮಬ್ಬಾಗಿದೆ, ಸದ್ದಿಲ್ಲ, ಚಲನೆಯಿಲ್ಲ ಎಂಬಷ್ಟರಿಂದಲೇ ಶಾಂತರಸವು ಸಿದ್ಧವಾಗುವುದಾದರೆ ಬೂದಿಯ ಗುಡ್ಡೆಯೆಲ್ಲವೂ ಶಾಂತವಾಗಬೇಕಾದೀತು. ಮೌನವು ಬೇರೆ, ಶಮವು ಬೇರೆ. ದಶರೂಪಕಕಾರನಾದ ಧನಂಜಯನು ಬೀಭತ್ಸವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಕ್ರಿಮಿ, ದುರ್ಗಂಧಾದಿಗಳಿಂದ ಉಂಟಾಗುವ ಉದ್ವೇಗಿ, ರಕ್ತಮಾಂಸಾದಿಗಳಿಂದ ಉಂಟಾಗುವ ಕ್ಷೋಭಣ, ರಮ್ಯವಾದ ಅಂಗಗಳ ವಿಷಯದಲ್ಲಿಯೇ ವೈರಾಗ್ಯದಿಂದ ಉಂಟಾಗುವ ಶುದ್ಧ. ಈ ಮೂರನೆಯದನ್ನು ನಮ್ಮ ಅಲಂಕಾರಗ್ರಂಥಗಳ ಅಧ್ಯಾಪನದಲ್ಲಿ ಎರಡು ಮಾತಿನಲ್ಲಿ ದಾಟಿಬಿಡುವುದು ರೂಢಿಯಾಗಿದೆ. ‘ಬಿಹೋಲ್ಡ್’ ಕೃತಿಗೆ ಇದೇ ಬೀಗದಕೈ. ಕೇಶವು ರಮ್ಯವಾದ ಅಂಗವಸ್ತು. ಅದನ್ನು ಕೊಟ್ಟವನು ಬಲವಂತದಿಂದ ಕೊಟ್ಟುದಲ್ಲ, ತನ್ನ ಚೆಲುವಿನ ಒಂದಂಶವನ್ನು ತಾನಾಗಿ ಬಿಟ್ಟುಕೊಟ್ಟುದು. ಪ್ರೇಕ್ಷಕನ ಜುಗುಪ್ಸೆಯು ಆ ತ್ಯಾಗದ ಅರಿವಿನೊಡನೆ ಕೂಡಿದಾಗ ಅದರ ಮೊನೆ ಮುರಿದು, ಹೇಸಿಕೆಯಿದ್ದ ಕಡೆಯಲ್ಲಿ ಒಂದು ಬಗೆಯ ಸಂಕೋಚವು ನೆಲೆಗೊಳ್ಳುತ್ತದೆ. ಅಲ್ಲಿಂದ ಮುಂದೆ ಶಾಂತದ ದಾರಿಯು ತೆರೆದಿದೆ. ಧನಂಜಯನು ನಾಟ್ಯದಲ್ಲಿ ಶಾಂತವನ್ನು ಒಪ್ಪದೆ ಹೋದರೂ, ಬೀಭತ್ಸದ ಒಂದು ಬಗೆಯನ್ನು ವೈರಾಗ್ಯಕ್ಕೆ ತಗುಲಿಸಿ ಆ ದಾರಿಯ ಬಾಗಿಲನ್ನು ತಾನೇ ತೆರೆದಿಟ್ಟಿರುವುದು ಸ್ವಾರಸ್ಯವಾದ ಸಂಗತಿ. ಕೃತಿಯು ಶಾಂತದಲ್ಲಿ ಪೂರ್ತಿಯಾಗಿ ವಿಶ್ರಾಂತಿಯನ್ನು ಹೊಂದುವುದೆಂದು ಹೇಳುವುದೂ ಕಷ್ಟ. ಅದು ಹೊಸ್ತಿಲಿನ ಮೇಲೆ ನಿಂತಿದೆ. ಉಕ್ಕಿನ ಹೊಳಪು ಅದನ್ನು ಒಳಕ್ಕೆ ಹೋಗಗೊಡುವುದಿಲ್ಲ.

ಆ ಉಕ್ಕಿನ ಕಾರ್ಯವೇನೆಂಬುದನ್ನು ಬಿಡಿಸಿ ನೋಡುವುದು ಅವಶ್ಯಕ. ಹೆದ್ದಾರಿಯಲ್ಲಿ ಬಂಪರು ದೊಡ್ಡದು, ಹುರಿ ಚಿಕ್ಕದು. ಬಂಪರು ಹುರಿಯನ್ನು ಹೊತ್ತಿರುತ್ತದೆ. ಡಿಕ್ಕಿಯಾದಾಗ ಪೆಟ್ಟನ್ನು ತಾನು ತಿಂದು ಒಳಗಿನವರನ್ನು ಉಳಿಸುವುದು ಬಂಪರಿನ ಧರ್ಮ. ಆದರೆ ಆ ಕಾವಲುಗಾರನಿಗೂ ಒಬ್ಬ ಕಾವಲುಗಾರ ಬೇಕೆಂದು ಲಾರಿಯವನು ಕೂದಲ ಹುರಿಯನ್ನು ಕಟ್ಟಿದ್ದಾನೆ. ಕೃತಿಯಲ್ಲಿ ಈ ಸಂಬಂಧವು ಹಾಗೆಯೇ ಉಳಿದು, ಪ್ರಮಾಣವು ಮಾತ್ರ ವಿಪರ್ಯಾಸವನ್ನು ಹೊಂದಿದೆ. ಹುರಿಗಳು ತೋರಣದಂತೆ, ಬಲೆಯಂತೆ ಗೋಡೆಯ ತುಂಬ ಇಳಿಬಿದ್ದು ಬಂಪರುಗಳನ್ನು ಸುತ್ತಿಕೊಂಡು ಎತ್ತಿ ಹಿಡಿದಿವೆ. ಹೊತ್ತುದು ಹೊರೆಯಾಯಿತು, ಹೊರೆಯಾಗಿದ್ದುದು ಹೊತ್ತಿತು. ಇದರಲ್ಲಿ ತೋರುವ ಅರ್ಥವನ್ನು ‘ಕೂದಲೆಂದರೆ ಶ್ರದ್ಧೆ, ಬಂಪರೆಂದರೆ ಯಂತ್ರನಾಗರಿಕತೆ’ ಎಂದು ರೂಪಕದಂತೆ ಒಂದಕ್ಕೊಂದು ಜೋಡಿಸಿ ಹೇಳುವ ವಿಮರ್ಶೆಯು ಈಚೆಗೆ ಹೆಚ್ಚಾಗಿದೆ. ಅದು ಸಮಂಜಸವಲ್ಲ. ಹಾಗೆ ಹೇಳಿದೊಡನೆ ಕೂದಲು ಮಾಯವಾಗಿ ಶ್ರದ್ಧೆಯೆಂಬ ಶಬ್ದವು ಮಾತ್ರ ಉಳಿಯುತ್ತದೆ, ವಾಚ್ಯವು ಅತ್ಯಂತತಿರಸ್ಕೃತವಾಗುತ್ತದೆ. ಇಲ್ಲಿ ನಡೆದಿರುವುದು ಅದಲ್ಲ. ಆನಂದವರ್ಧನನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ವಿವಕ್ಷಿತಾನ್ಯಪರವಾಚ್ಯಧ್ವನಿಗೆ ಸಮೀಪವಾದುದು. ಕೂದಲು ಕೂದಲೆಂದೇ ವಿವಕ್ಷಿತವಾಗಿದೆ. ಅದರ ತೂಕ, ಒರಟು, ಕರಿದು ಕಂದು ನರೆಗಳ ಬೆರಕೆ ಎಲ್ಲವೂ ಬೇಕಾದುವೇ. ಹಾಗಿದ್ದುಕೊಂಡೇ ಅದು ಬೇರೊಂದನ್ನು ಬೆರಳಿಟ್ಟು ತೋರಿಸುತ್ತದೆ. ಹೊಸೆದ ಕೂದಲು ಉಕ್ಕನ್ನು ಹೊರಬಲ್ಲದೆಂಬುದು ಇಲ್ಲಿ ಕವಿಸಮಯವಲ್ಲ, ಕಣ್ಣೆದುರಿನ ಸಂಗತಿ. ಧ್ವನಿಯು ಆ ಸಂಗತಿಯ ಹೆಗಲೇರಿ ಬರುತ್ತದೆ.

ಕೃತಿಯ ಹೆಸರಿನಲ್ಲಿಯೂ ಒಂದು ಗಂಟು ಇದೆ. ‘ಬಿಹೋಲ್ಡ್’ ಎಂಬ ಇಂಗ್ಲಿಷ್ ಶಬ್ದಕ್ಕೆ ‘ಇದೋ ನೋಡು’ ಎಂದರ್ಥ. ಅದರೊಳಗೆ ‘ಹೋಲ್ಡ್’, ಎಂದರೆ ‘ಹಿಡಿ’ ಎಂಬ ಶಬ್ದವೂ ಅಡಗಿದೆ. ನೋಟವನ್ನು ನಿವಾರಿಸುವುದಕ್ಕಾಗಿ ಹುಟ್ಟಿದ ಹುರಿಗೆ ‘ನೋಡು’ ಎಂದು ಹೆಸರಿಟ್ಟುದು ವಿರೋಧವಲ್ಲವೆ ಎಂಬ ಶಂಕೆಯು ಬರಬಹುದು. ದೃಷ್ಟಿಯ ವಿಷಯವಾಗಿ ಹಳ್ಳಿಯವರು ತಿಳಿದಿರುವುದನ್ನು ಗಮನಿಸಿದರೆ ಈ ವಿರೋಧವು ಆಭಾಸವೆಂದು ಗೊತ್ತಾಗುತ್ತದೆ. ಬೆಳೆದು ನಿಂತ ಗದ್ದೆಯಲ್ಲಿ ಬೆದರುಬೊಂಬೆಯನ್ನು ನಿಲ್ಲಿಸುವುದು, ಹೊಸ ಮನೆಗೆ ಬೂದುಗುಂಬಳವನ್ನು ಕಟ್ಟುವುದು, ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟನ್ನು ಇಡುವುದು, ಇವು ಯಾವುವೂ ಬೆಳೆಯನ್ನಾಗಲಿ ಮನೆಯನ್ನಾಗಲಿ ಕೂಸನ್ನಾಗಲಿ ಮರೆಮಾಡುವುದಕ್ಕಲ್ಲ. ಕೆಟ್ಟ ಕಣ್ಣಿನ ಮೊದಲ ಬೀಳುವಿಕೆಯೇ ಅಪಾಯಕರವಾದುದೆಂದೂ, ಅದು ಅಸಹ್ಯವಾದ ಅಥವಾ ವಿಕಾರವಾದ ಒಂದರ ಮೇಲೆ ಬಿದ್ದು ವ್ಯಯವಾಗಿಬಿಡಲೆಂದೂ ಇವುಗಳ ಅಭಿಪ್ರಾಯ. ಎಂದಮೇಲೆ ದೃಷ್ಟಿಯ ಹುರಿಯು ನೋಟವನ್ನು ತಡೆಯುವುದಲ್ಲ, ಕರೆಯುವುದು. ‘ನನ್ನನ್ನು ನೋಡು, ಅವನನ್ನು ಬಿಡು’ ಎಂಬುದು ಅದರ ಮಾತು. ವೆನಿಸಿನಲ್ಲಿ ಆ ಮಾತಿನ ಮೊದಲರ್ಧ ಮಾತ್ರ ಕೇಳಿಸುತ್ತದೆ. ಉತ್ತರಾರ್ಧವು, ಎಂದರೆ ಯಾರನ್ನು ಬಿಟ್ಟುಬಿಡಬೇಕೆಂಬುದು, ಮದ್ದೂರಿನ ಲಾರಿಯವನಿಗೆ ಗೊತ್ತು. ಕೃತಿಯಲ್ಲಿ ಬಂಪರಿನ ಹಿಂದೆ ವಾಹನವಿಲ್ಲ, ವಾಹನದೊಳಗೆ ಮನುಷ್ಯನಿಲ್ಲ. ಕಾವಲು ಇದೆ, ಕಾಯಲ್ಪಡುವವನು ಇಲ್ಲ. ಅದರ ಮೌನದ ಕಾರಣ ಇದು. ಬಣ್ಣದ ಮಬ್ಬು ಅದಕ್ಕೆ ಸಹಕಾರಿ ಮಾತ್ರ.

ಸಾಹಿತ್ಯವನ್ನು ಬೋಧಿಸುವವರಿಗೆ ಇಲ್ಲಿ ಒಂದು ತುಲನೆಯು ಉಪಯುಕ್ತವಾದೀತು. ನಮ್ಮ ಕಾವ್ಯಗಳಲ್ಲಿ ಮುಡಿಗೆ ದೊಡ್ಡ ಚರಿತ್ರೆಯುಂಟು. ಭಟ್ಟನಾರಾಯಣನ ವೇಣೀಸಂಹಾರದಲ್ಲಿಯೂ, ರನ್ನನ ಗದಾಯುದ್ಧದಲ್ಲಿಯೂ ದ್ರೌಪದಿಯ ಬಿಚ್ಚಿದ ಮುಡಿಯು ಒಂದು ಮಹಾಯುದ್ಧದ ಋಣಪತ್ರವಾಗಿ ನಿಂತಿದೆ. ಜೈನಪುರಾಣಗಳಲ್ಲಿ ದೀಕ್ಷೆಯನ್ನು ಕೈಕೊಳ್ಳುವವನು ತನ್ನ ಕೂದಲನ್ನು ತಾನೇ ಕಿತ್ತುಕೊಳ್ಳುವ ಕೇಶಲೋಚವು ವೈರಾಗ್ಯದ ಪ್ರತ್ಯಕ್ಷಪ್ರಮಾಣ. ಅಕ್ಕಮಹಾದೇವಿಗೆ ಕೂದಲೇ ಉಡುಗೆಯಾಯಿತೆಂದು ಸಂಪ್ರದಾಯವು ಹೇಳುತ್ತದೆ. ಇಲ್ಲೆಲ್ಲ ಕೂದಲು ಒಬ್ಬರದು. ಅವರ ಹೆಸರು ಗೊತ್ತು, ಕಥೆ ಗೊತ್ತು. ‘ಬಿಹೋಲ್ಡ್’ ಕೃತಿಯಲ್ಲಿ ಕೂದಲು ಸಹಸ್ರಾರು ಜನರದು, ಆದುದರಿಂದ ಯಾರದೂ ಅಲ್ಲ. ಕೂಸಿನ ಮೊದಲ ಮುಡಿಯೂ, ವಿಧವೆಯ ನರೆಗೂದಲೂ, ಪರೀಕ್ಷೆಯಲ್ಲಿ ತೇರ್ಗಡೆಯಾದವನ ಹರಕೆಯೂ ಒಂದೇ ಹುರಿಯಲ್ಲಿ ಹೊಸೆದುಹೋಗಿರಬಹುದು. ಸಾಧಾರಣೀಕರಣವೆಂಬುದನ್ನು ಅಲಂಕಾರಿಕರು ಸಹೃದಯನ ಮನಸ್ಸಿನ ವ್ಯಾಪಾರವೆಂದು ಹೇಳಿದರು. ಇಲ್ಲಿ ಅದು ಹೊಸೆಯುವವನ ಕೈಯಲ್ಲಿಯೇ ನಡೆದುಹೋಗಿದೆ. ದ್ರೌಪದಿಯ ಮುಡಿಯನ್ನು ಓದಿಸುವ ತರಗತಿಯಲ್ಲಿ ಈ ಹುರಿಯ ಚಿತ್ರವನ್ನೂ ಒಮ್ಮೆ ತೋರಿಸಿದರೆ ಎರಡೂ ಹೆಚ್ಚು ತಿಳಿದಾವು.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಒಂದು ಶಾಸ್ತ್ರದಲ್ಲಿ ಮಾತ್ರ ಪ್ರಸಿದ್ಧವಾದ ಶಬ್ದವನ್ನು ಕಾವ್ಯದಲ್ಲಿ ಪ್ರಯೋಗಿಸುವುದನ್ನು ಮಮ್ಮಟನು ಅಪ್ರತೀತವೆಂಬ ದೋಷವೆಂದಿದ್ದಾನೆ. ಕೂದಲ ಹುರಿಯನ್ನು ಬಂಪರಿಗೆ ಕಟ್ಟುವ ವಾಡಿಕೆಯನ್ನರಿಯದ ದೂರದೇಶದ ಪ್ರೇಕ್ಷಕನಿಗೆ ಈ ಕೃತಿಯು ಅಪ್ರತೀತವೇ. ಪಕ್ಕದಲ್ಲಿ ಅಂಟಿಸಿದ ವಿವರಣೆಯನ್ನು ಓದದೆ ಅವನು ಅರ್ಧದಾರಿಯಲ್ಲಿಯೇ ನಿಲ್ಲಬೇಕಾಗುತ್ತದೆ. ಕೂದಲೆಂಬುದು ಮಾತ್ರ ಯಾವ ದೇಶದವನಿಗೂ ಅಪರಿಚಿತವಲ್ಲದ ಕಾರಣ ದೋಷವು ಪೂರ್ಣವಲ್ಲವೆಂದು ಸಮಾಧಾನವನ್ನು ಹೇಳಬಹುದು. ಎರಡನೆಯ ದೋಷವು ಇದಕ್ಕಿಂತ ಗುರುತರವಾದುದು. ನಾಲ್ಕು ಸಾವಿರ ಮೀಟರುಗಳೆಂಬ ಲೆಕ್ಕವು ಮುಂದಾಗಿ ಕಿವಿಗೆ ಬಿದ್ದವನಿಗೆ ವಿಸ್ಮಯವು ಮೊದಲು ಹುಟ್ಟುತ್ತದೆ. ಅದ್ಭುತವು ಎದ್ದು ನಿಂತ ಕಡೆಯಲ್ಲಿ ಜುಗುಪ್ಸೆಯೂ ಶಮವೂ ತಮ್ಮ ಕ್ರಮವನ್ನು ಹಿಡಿಯಲಾರವು. ಹೆಸರಿಲ್ಲದವರ ಬಾಹುಳ್ಯವನ್ನು ತೋರಿಸುವುದಕ್ಕೆ ವಿಸ್ತಾರವು ಬೇಕೆಂಬುದು ದಿಟ. ಆದರೆ ಮಂಡ್ಯದ ಒಂದು ಲಾರಿಯ ಮೂತಿಯಲ್ಲಿ ನೇತಾಡುವ ಗೇಣುದ್ದದ ಹುರಿಯಲ್ಲಿರುವ ಭಯವು ವಿಸ್ತಾರದಿಂದ ಹೆಚ್ಚಾಗುವುದಿಲ್ಲ. ಇನ್ನೊಂದು ಮಾತು: ಹೊಯ್ಸಳರ ಕಾಲದ ಶಿಲ್ಪಿಗಳು ತಮ್ಮ ವಿಗ್ರಹಗಳ ಪೀಠದಲ್ಲಿ ಹೆಸರನ್ನು ಕೊರೆದರು, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಇಂದಿಗೂ ಓದಬರುತ್ತದೆ. ಈ ಹುರಿಗಳನ್ನು ಹೊಸೆದ ಕೈಗಳಿಗೆ ಅಂತಹ ಪೀಠವು ದೊರೆಯಲಿಲ್ಲ. ಕೊಟ್ಟವರ ಅನಾಮಧೇಯತೆಯು ದಾನದ ಲಕ್ಷಣವಾಗಿರುವುದರಿಂದ ಅದು ಕೃತಿಗೆ ಶೋಭೆ. ದುಡಿದವರ ಅನಾಮಧೇಯತೆಯು ಹಾಗಲ್ಲ.

ದೇವರಿಗೆ ಸಂದುದನ್ನು ಸಂಗ್ರಹಾಲಯಕ್ಕೆ ಒಯ್ದುದು ಅನುಚಿತವೆಂಬ ಆಕ್ಷೇಪವನ್ನು ಕೆಲವರು ಎತ್ತಬಹುದು. ಔಚಿತ್ಯವನ್ನು ವಿಚಾರಿಸಿದ ಕ್ಷೇಮೇಂದ್ರನು ಕೊರಳಿನಲ್ಲಿ ಮೇಖಲೆಯನ್ನೂ ನಡುವಿನಲ್ಲಿ ಹಾರವನ್ನೂ ತೊಟ್ಟವರನ್ನು ಕಂಡು ನಗುತ್ತಾನೆ. ಆದರೆ ಈ ಕೂದಲು ದೇವರ ಸನ್ನಿಧಿಯಿಂದ ನೇರವಾಗಿ ಸಂಗ್ರಹಾಲಯಕ್ಕೆ ಹೋದುದಲ್ಲ. ನಡುವೆ ವ್ಯಾಪಾರಿಯ ಗೋಣಿಚೀಲವೂ, ಬೀದಿಯ ಅಂಗಡಿಯೂ ಇವೆ. ವ್ಯಾಪಾರಕ್ಕೆ ಸಲ್ಲುವುದು ವಿಚಾರಕ್ಕೆ ಸಲ್ಲದೆನ್ನುವುದು ವಿಚಿತ್ರವಾದ ಔಚಿತ್ಯವಾದೀತು.

2023ರ ಮಾರ್ಚಿಯಲ್ಲಿ ಉದ್ಘಾಟಿತವಾದ ಬೆಂಗಳೂರು ಮೈಸೂರು ನಡುವಣ ಹೊಸ ಹೆದ್ದಾರಿಯು ಮದ್ದೂರನ್ನೂ ಮಂಡ್ಯವನ್ನೂ ಬದಿಗಿಟ್ಟು ಹೊರಗಿನಿಂದಲೇ ಸಾಗುತ್ತದೆ. ವೇಗವು ಹೆಚ್ಚಿದೆ, ಹುರಿಯನ್ನು ಕಟ್ಟುವುದು ಮಾತ್ರ ನಿಂತಿಲ್ಲ. ಹೊಸ ಕಾರುಗಳ ಬಂಪರು ಉಕ್ಕಿನದಲ್ಲ, ಪ್ಲಾಸ್ಟಿಕ್ಕಿನದು. ಕೃತಿಯಲ್ಲಿರುವಂತಹ ಹೊಳೆಯುವ ಉಕ್ಕು ಈಗಾಗಲೇ ಹಳೆಯ ಕಾಲದ ವಸ್ತುವಾಗುತ್ತ ಬಂದಿದೆ. ಕೂದಲಿಗಾದರೋ ಆ ಬಗೆಯ ಕಾಲದ ಗುರುತಿಲ್ಲ.

ಕೃತಿಗೆ ಕನ್ನಡದಲ್ಲಿ ಏನೆಂದು ಹೆಸರಿಡಬಹುದೆಂಬುದು ಉಳಿದಿರುವ ಪ್ರಶ್ನೆ. ‘ಇದೋ ನೋಡು’ ಎಂಬುದು ಶಬ್ದಾರ್ಥಕ್ಕೆ ಸರಿಯಾದರೂ ಸಂತೆಯ ಕೂಗಿನಂತೆ ಕೇಳಿಸುತ್ತದೆ. ‘ದರ್ಶನ’ವೆಂದರೆ ಬೇಡದ ಗಾಂಭೀರ್ಯವು ಬಂದುಬಿಡುತ್ತದೆ. ಮುಡಿಯನ್ನು ಒಪ್ಪಿಸುವುದಕ್ಕೆ ಜನರಲ್ಲಿ ರೂಢವಾಗಿರುವ ಮಾತು ‘ಮುಡಿಕಾಣಿಕೆ’ ಎಂಬುದು. ಕಾಣಿಕೆಯೆಂಬ ಶಬ್ದವು ‘ಕಾಣ್’ ಧಾತುವಿನಿಂದ ಬಂದುದು. ನೋಡುವುದೂ ಕೊಡುವುದೂ ಅದರಲ್ಲಿ ಒಟ್ಟಿಗೆ ಕೂಡಿವೆ. ಇಂಗ್ಲಿಷಿನ ಹೆಸರಿನಲ್ಲಿ ಕೊಡುವುದಿಲ್ಲ, ಹಿಡಿಯುವುದುಂಟು. ಕನ್ನಡದ ಹೆಸರಿನಲ್ಲಿ ಹಿಡಿಯುವುದಿಲ್ಲ, ಕೊಡುವುದುಂಟು. ಉಕ್ಕನ್ನು ಹಿಡಿದು ನಿಂತ ಹುರಿಯ ಮಟ್ಟಿಗೆ ಮೊದಲನೆಯದೂ, ಹುರಿಯಾಗುವುದಕ್ಕೆ ಮುಂಚಿನ ಕೂದಲಿನ ಮಟ್ಟಿಗೆ ಎರಡನೆಯದೂ ಹೆಚ್ಚು ಸಮರ್ಪಕವಾಗಿವೆ.